ದುಂಬಿಯ ನಾಲಿಗೆಗೆ ಎರಡು ತಡೆ

ನಮ್ಮ ಮನೆಯಲ್ಲಿ ಮಗ ಹಲ್ಲು ಮಾಡುತ್ತಾನೆ, ಸೊಸೆ ನಾಲಿಗೆ ಅಳೆಯುತ್ತಾಳೆ. ಮಗನದು ಮನುಷ್ಯರ ಹಲ್ಲು. ದಂತವೈದ್ಯರು ಕಳಿಸುವ ಅಚ್ಚು ನೋಡಿ ಕಟ್ಟುಹಲ್ಲಿನ ಸೆಟ್ಟು ತಯಾರಿಸುವುದು ಅವನ ಕಸುಬು. ಸೊಸೆಯದು ದುಂಬಿಯ ನಾಲಿಗೆ. ಊರಾಚೆಯ ಬೆಟ್ಟದಲ್ಲಿ ಮೈತುಂಬ ಮೆತ್ತನೆಯ ರೋಮ ಹೊದ್ದು ಹಾರಾಡುವ, ಹೂವಿನ ಕೊಳವೆಯೊಳಕ್ಕೆ ನಾಲಿಗೆ ಇಳಿಸಿ ಮಕರಂದ ಹೀರುವ ದುಂಬಿಗಳ ಮೇಲೆ ಅವಳು ನಾಲ್ಕು ವರ್ಷದಿಂದ ಸಂಶೋಧನೆ ಮಾಡುತ್ತಿದ್ದಳು.

"ಸೊಸೆಗೆ ನಾಲಿಗೆ ಉದ್ದ ಅಂತ ದೂರೋ ಅತ್ತೆಯರನ್ನ ಬೇಕಾದಷ್ಟು ಕಂಡಿದೀನಿ," ಎಂದು ಎದುರುಮನೆಯ ಟೈಲರಮ್ಮ ನಗುತ್ತಿದ್ದಳು. "ಎಷ್ಟು ಉದ್ದ ಅಂತ ಅಳತೆ ಸಮೇತ ಹೇಳೋ ಸೊಸೇನ ನಿಮ್ಮನೇಲೇ ಕಂಡಿದ್ದು."

ಸೊಸೆಯ ಪ್ರಶ್ನೆ ಕೇಳುವುದಕ್ಕೆ ಸುಲಭ. ನಮ್ಮದು ಬಿಸಿಲಿನ ಸೀಮೆಯ ಬೆಟ್ಟ. ಬುಡದಲ್ಲಿ ಬೆವರು ಒರೆಸಿಕೊಂಡವರು ನೆತ್ತಿಗೆ ಹೋದರೆ ಸ್ವೆಟರ್ ಹುಡುಕಬೇಕು. ಒಂದೇ ಜಾತಿಯ ದುಂಬಿ ಈ ಬುಡದಲ್ಲೂ ಇದೆ, ನಡುವೆಯೂ ಇದೆ, ನೆತ್ತಿಯಲ್ಲೂ ಇದೆ. ಮೇಲೆ ಹೋದಂತೆ ಅದರ ಮೈ ದೊಡ್ಡದಾಗುತ್ತದೆಯೇ? ನಾಲಿಗೆ ಉದ್ದವಾಗುತ್ತದೆಯೇ, ಗಿಡ್ಡವಾಗುತ್ತದೆಯೇ? ಚಳಿದೇಶದ ದುಂಬಿಗಳ ಬಗ್ಗೆ ಅಟ್ಟಗಟ್ಟಲೆ ಬರೆದಿಟ್ಟಿದ್ದಾರೆ, ನಮ್ಮ ಬೆಟ್ಟದವನ್ನು ಯಾರೂ ಹಿಡಿದು ಅಳೆದಿಲ್ಲ ಎಂದು ಅವಳು ಹೇಳಿದ ದಿನ, ಅಯ್ಯೋ ಪಾಪ, ಯಾರೂ ವಿಚಾರಿಸದ ನೆಂಟರ ಹಾಗೆ ಉಳಿದುಬಿಟ್ಟವಲ್ಲ ಅನ್ನಿಸಿತ್ತು ನನಗೆ.

ನಾನೂ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಓದಿ ಪದವಿ ಪಡೆದವಳು. ಆದರೆ ಮದುವೆಯಾದ ಮೇಲೆ ನಮ್ಮವರ ಗಡಿಯಾರ ರಿಪೇರಿ ಅಂಗಡಿಯಲ್ಲಿ ಕೂತೆ. ಮೊದಲು ಚೀಟಿ ಬರೆಯಲು, ಆಮೇಲೆ ಕೈಗಡಿಯಾರಕ್ಕೆ ಪಟ್ಟಿ ಹಾಕಲು, ಕೊನೆಗೆ ಕಣ್ಣಿಗೆ ಭೂತಗಾಜು ಸಿಕ್ಕಿಸಿಕೊಂಡು ಕೂದಲೆಳೆಯಂಥ ಸುರುಳಿ ಕೂರಿಸಲು. ಮೂವತ್ತೊಂದು ವರ್ಷ. ನಮ್ಮವರು ಕಲಿಸಿದ ಮೊದಲ ಪಾಠ: "ತಡೆ ಸಿಕ್ಕಿದ ಕಡೆ ಕೈ ನಿಲ್ಲಬೇಕು. ಬಲ ಹಾಕಿದ್ಯೋ, ಗಡಿಯಾರದ ಜೊತೆ ಗಿರಾಕೀನೂ ಹೋದ." ಅವರು ತೀರಿಕೊಂಡು ಅಂಗಡಿ ಮುಚ್ಚಿದ ಮೇಲೂ ಆ ಪಾಠ ನನ್ನ ಬೆರಳಲ್ಲೇ ಉಳಿದಿತ್ತು.

ಹೋದ ವರ್ಷ ಸೊಸೆಗೆ ಕೆಲಸ ಕೈಮೀರಿತು. ತಿಂಗಳಲ್ಲಿ ಅರ್ಧ ದಿನ ಅವಳು ಬಲೆ ಹಿಡಿದು ಬೆಟ್ಟದ ಮೇಲೆ. ಒಣಗಿಸಿ ತಂದ ದುಂಬಿಗಳು ಕಾಲೇಜಿನ ಕೀಟಕೋಣೆಯಲ್ಲಿ ಡಬ್ಬಿ ಮೇಲೆ ಡಬ್ಬಿ ಬೀಳುತ್ತಿದ್ದವು. ಒಣಗಿದ ದುಂಬಿಯ ನಾಲಿಗೆ ಚಾಕು ತನ್ನ ಹಿಡಿಯೊಳಗೆ ಮಡಚಿಕೊಂಡ ಹಾಗೆ ತಲೆಯ ಅಡಿಯಲ್ಲಿ ಮಡಚಿಕೊಂಡಿರುತ್ತದೆ. ಹಾಗೆಯೇ ಎಳೆದರೆ ಪುಡಿ. ಒದ್ದೆ ಮರಳು ಹಾಸಿದ ಡಬ್ಬಿಯಲ್ಲಿ ಒಂದು ದಿನ ಮುಚ್ಚಿಟ್ಟು ಮೆದುವಾಗಿಸಿ, ಚಿಮುಟದಿಂದ ಮೆಲ್ಲನೆ ಹೊರಗೆಳೆದು, ನೇರ ಮಾಡಿ ಸೂಜಿ ಆನಿಸಿ ಒಣಗಿಸಬೇಕು. ಆಮೇಲೆ ಸೂಕ್ಷ್ಮದರ್ಶಕದಡಿ ಅಳತೆ. ಮೈಯ ಗಾತ್ರಕ್ಕೆ ಎರಡು ರೆಕ್ಕೆಗಳ ಬುಡದ ನಡುವಿನ ಅಂತರ ನೋಡುತ್ತಾರೆ. ಟೈಲರಮ್ಮ ಅಂಗಿಗೆ ಭುಜದಳತೆ ತೆಗೆದುಕೊಳ್ಳುವ ಹಾಗೆ.

"ಎಂಟಕ್ಕೆ ಒಂದು ಮುರೀತಿದೆ ಅತ್ತೆ," ಎಂದು ಒಂದು ಸಂಜೆ ಸೊಸೆ ಬೆರಳು ನೀವಿಕೊಳ್ಳುತ್ತಾ ಹೇಳಿದಳು. "ಎಂಟಕ್ಕೆ ಒಂದು ಅಂದ್ರೆ, ಬೆಟ್ಟ ಹತ್ತಿ ಇಳಿದಿದ್ದರಲ್ಲಿ ಎಂಟನೇ ಒಂದು ಪಾಲು ನೀರು ಪಾಲು."

"ಒಂದು ಡಬ್ಬಿ ನನಗೆ ಕೊಟ್ಟು ನೋಡು," ಎಂದೆ.

ಮಗ ಊಟದ ತಟ್ಟೆಯಿಂದ ತಲೆ ಎತ್ತಿದ. "ಅಮ್ಮ, ನಿನ್ನ ಕೈಗೆ ಸಿಕ್ಕಿದ್ದನ್ನ ನೀನು ಕೀಲಿ ಕೊಟ್ಟು ನಡೆಸಿಬಿಡ್ತೀಯ. ಅವು ಎದ್ದು ಹಾರಿಹೋದ್ರೆ ಇವಳ ಕಥೆ ಏನು?"

ಸೊಸೆಯ ಗುರುಗಳಾದ ದೊಡ್ಡ ಮೇಡಂ ಒಪ್ಪಿದರು. ನಾನು ವಾರಕ್ಕೆ ಐದು ದಿನ ಕೀಟಕೋಣೆಗೆ ಹೋಗತೊಡಗಿದೆ. ಅಲ್ಲಿ ಪೆಟ್ಟಿಗೆಗಳನ್ನು ನೋಡಿಕೊಳ್ಳುವವರನ್ನು ಎಲ್ಲರೂ ಡಬ್ಬಿಯಣ್ಣ ಅನ್ನುತ್ತಿದ್ದರು. ಮೊದಲ ದಿನ ಸ್ಟೂಲಿನ ಮೇಲೆ ಕೂತ ನನ್ನ ಕಾಲು ನೆಲಕ್ಕೆ ಎಟುಕದೆ ತೂಗಾಡುತ್ತಿದ್ದುದನ್ನು ಅವರು ನೋಡಿದ್ದರು. ಮರುದಿನ ಹೋದಾಗ ಸ್ಟೂಲಿನ ನಾಲ್ಕೂ ಕಾಲು ಎರಡು ಬೆರಳಷ್ಟು ಗಿಡ್ಡವಾಗಿದ್ದವು. ಕೇಳಿದರೆ, "ಹುಳ ತಿಂದಿರಬೇಕಮ್ಮ, ಕೀಟಕೋಣೆ ಅಲ್ವಾ," ಎಂದು ಗರಗಸವನ್ನು ಕಪಾಟಿನ ಹಿಂದೆ ತಳ್ಳಿದರು.

ಕೈ ಬೇಗ ಪಳಗಿತು. ಮೊದಲ ಇನ್ನೂರು ದುಂಬಿಗಳಲ್ಲಿ ಒಂದೂ ಮುರಿಯಲಿಲ್ಲ. ನಮ್ಮವರು ತಾವು ರಿಪೇರಿ ಮಾಡಿದ ಪ್ರತಿ ಗಡಿಯಾರದ ಮುಚ್ಚಳದ ಒಳಮೈಯಲ್ಲಿ ಒಂದು ಚಿಕ್ಕ ಗುರುತು ಗೀರುತ್ತಿದ್ದರು. ನಾಳೆ ಕೆಟ್ಟು ಬಂದರೆ ಯಾರ ಕೈ ಎಂದು ತಿಳಿಯಲಿ ಅಂತ. ಅದೇ ರೂಢಿಯಲ್ಲಿ ನಾನು ತೆಗೆದ ಪ್ರತಿ ದುಂಬಿಯ ಚೀಟಿಯ ಮೂಲೆಯಲ್ಲಿ ಮಸಿಯಿಂದ ಒಂದು ಚುಕ್ಕೆ ಇಟ್ಟೆ. ಅಳತೆಯ ಪಟ್ಟಿ ಬರೆಯುವಾಗ ಸೊಸೆ ಆ ಚುಕ್ಕೆಯನ್ನೂ ಇಳಿಸಿಕೊಳ್ಳುತ್ತಿದ್ದಳು. ಬುಡದವನ್ನೂ ನಡುವಿನವನ್ನೂ ಸೊಸೆ ಮೊದಲೇ ಮುಗಿಸಿದ್ದಳು. ನೆತ್ತಿಯ ಇನ್ನೂರ ನಲವತ್ತರಲ್ಲಿ ಇನ್ನೂರ ಹದಿನಾಲ್ಕು ನನ್ನ ಪಾಲಿಗೆ ಬಂದವು. ನಾನು ನಾಲಿಗೆ ತೆಗೆಯುವುದು, ಅವಳು ಅಳೆಯುವುದು.

ಅಳತೆ ಮುಗಿದ ದಿನ ಅವಳು ಚಪ್ಪಲಿ ಬಿಡುವುದನ್ನೂ ಮರೆತು ಅಡುಗೆಮನೆಗೆ ಬಂದಳು. "ಅತ್ತೆ! ನೆತ್ತಿಯ ದುಂಬಿಗೂ ಬುಡದ ದುಂಬಿಗೂ ಮೈಯಲ್ಲಿ ಅಂಥ ವ್ಯತ್ಯಾಸ ಇಲ್ಲ. ನಾಲಿಗೆ ಮಾತ್ರ ಗಿಡ್ಡ! ಅರ್ಧ ಮಿಲಿಮೀಟರಿಗಿಂತ ಜಾಸ್ತಿ ಗಿಡ್ಡ!" ನೆತ್ತಿಯ ಹೂವುಗಳ ಕೊಳವೆಯೂ ಗಿಡ್ಡವಂತೆ. ಬೀಗಕ್ಕೆ ಕೀಲಿ ಕೂತ ಹಾಗೆ ಎಲ್ಲ ಕೂಡಿಕೊಂಡಿತ್ತು. ದೊಡ್ಡ ಮೇಡಂ ಸಂತೋಷ ತಡೆಯಲಾರದೆ ಹೊರಗಿನ ಪರೀಕ್ಷಕರಿಗೆ ಆಗಲೇ ಪತ್ರ ಬರೆದುಬಿಟ್ಟರು. ಆ ಪರೀಕ್ಷಕರು ದುಂಬಿಗಳ ವಿಷಯದಲ್ಲಿ ದೊಡ್ಡ ಹೆಸರು, ಬಾಯಿ ಸ್ವಲ್ಪ ಖಾರ. ಅವರು ಒಪ್ಪಿದರೆ ಸೊಸೆಗೆ ಪದವಿ. ಒಪ್ಪದಿದ್ದರೆ ನಾಲ್ಕು ವರ್ಷ ಹತ್ತಿದ ಬೆಟ್ಟ ಹತ್ತಿದಷ್ಟೇ.

ಪ್ರಬಂಧ ಕೊಡಲು ಒಂದು ತಿಂಗಳು ಇದ್ದಾಗ ಸೊಸೆ ಬೆಟ್ಟದ ನಡುವಿನಿಂದ ಒಂದು ಇಡೀ ಗೂಡನ್ನು ಅಗೆದು ತಂದಳು. ನೂರ ಇಪ್ಪತ್ತೊಂದು ದುಂಬಿಗಳು. ಸಮಯವಿರಲಿಲ್ಲವಾದ್ದರಿಂದ ಅರವತ್ತು ನಾನು ತೆಗೆದೆ, ಅರವತ್ತೊಂದು ಅವಳು ತೆಗೆದಳು. ಭಾನುವಾರ ಬೆಳಿಗ್ಗೆ ಅವಳು ಬಟ್ಟೆ ಒಗೆಯುತ್ತಿದ್ದಾಗ, ಗೂಡಿನ ಅಳತೆಯ ಪಟ್ಟಿಯನ್ನು ಒಂದು ಸಲ ತಾಳೆ ನೋಡೋಣ ಎಂದು ನಾನು ಊಟದ ಮೇಜಿನ ಮೇಲೆ ಹರಡಿಕೊಂಡು ಕೂತೆ.

ಒಂದೇ ಗೂಡು, ಒಂದೇ ತಾಯಿಯ ಮಕ್ಕಳು. ಆದರೂ ಮೈಯಲ್ಲಿ ಎಷ್ಟು ವ್ಯತ್ಯಾಸ! ದೊಡ್ಡದರ ಭುಜದಳತೆ ಚಿಕ್ಕದರ ಸುಮಾರು ದುಪ್ಪಟ್ಟು. ನಗು ಬಂತು, ನಮ್ಮ ತವರಿನ ಏಳು ಜನ ಒಡಹುಟ್ಟಿದವರು ನೆನಪಾದರು. ಆಮೇಲೆ ಒಂದು ಸಾಲಿನಲ್ಲಿ ಕಣ್ಣು ನಿಂತಿತು. ಒಂದೇ ಭುಜದಳತೆಯ ಎರಡು ಅಕ್ಕತಂಗಿಯರು. ಒಂದರ ನಾಲಿಗೆ ಏಳು ಮಿಲಿಮೀಟರ್, ಇನ್ನೊಂದರದು ಆರು ಪಾಯಿಂಟ್ ನಾಲ್ಕು. ಗಿಡ್ಡ ನಾಲಿಗೆಯದಕ್ಕೆ ಚುಕ್ಕೆ. ಇನ್ನೊಂದು ಜೋಡಿ ಹುಡುಕಿದೆ. ಅಲ್ಲೂ ಚುಕ್ಕೆಯದೇ ಗಿಡ್ಡ. ಮತ್ತೊಂದು. ಮತ್ತೊಂದು. ಹದಿನೇಳು ಜೋಡಿ ಸಿಕ್ಕವು, ಹದಿನೇಳರಲ್ಲೂ ಹಾಗೇ. ದುಂಬಿ ಗಿಡ್ಡ ನಾಲಿಗೆಯದಾಗಿರಲಿಲ್ಲ. ನಾನು ಎಳೆಯುವಾಗ ಎಲ್ಲೋ ಅರ್ಧಕ್ಕೆ ನಿಂತಿದ್ದೆ. ನೆತ್ತಿಯ ದುಂಬಿಗಳನ್ನೂ ತೆಗೆದವಳು ನಾನೇ.

ಹಿತ್ತಲಲ್ಲಿ ಅವಳು ಬಟ್ಟೆ ಹಿಂಡುತ್ತಾ ಯಾವುದೋ ಹಾಡು ಗುನುಗುತ್ತಿದ್ದಳು. ನಾನು ಪಟ್ಟಿ ಮಡಚಿ, ತೊಳೆದಿಟ್ಟಿದ್ದ ಲೋಟವನ್ನೇ ಮತ್ತೆ ತೊಳೆದೆ. ಸತ್ಯ ಹೇಳುತ್ತೇನೆ, ಸುಮ್ಮನಿದ್ದುಬಿಡಲೇ ಎಂದು ಅನ್ನಿಸಿತು. ಗೂಡಿನ ನನ್ನ ಅರವತ್ತನ್ನು ಏನಾದರೂ ನೆಪ ಹೇಳಿ ಬಿಡಿಸಿದರೆ ಮುಗಿಯಿತು, ಯಾರಿಗೂ ತಿಳಿಯುವುದಿಲ್ಲ. ಸೊಸೆಗೆ ಪದವಿ ಸಿಗುತ್ತದೆ. ಬೆಟ್ಟದ ದುಂಬಿಯ ನಾಲಿಗೆ ಅರ್ಧ ಮಿಲಿಮೀಟರ್ ಗಿಡ್ಡ ಎಂದು ಪುಸ್ತಕದಲ್ಲಿ ಉಳಿದರೆ ಯಾರ ಮನೆ ಮುಳುಗುತ್ತದೆ? ಆದರೆ ಇಂಥ ಕೆಲಸ ಕೈಯಾರೆ ಕಲಿಸಿ ನಂಬಿದವಳ ಮುಂದೆ ನಾಳೆಯಿಂದ ಯಾವ ಮುಖ ಹೊತ್ತು ಕೂರಲಿ? ಲೋಟ ಬೋರಲು ಹಾಕಿ ಹಿತ್ತಲಿಗೆ ಹೋದೆ.

"ಮಗಳೇ, ಆ ಬಕೆಟ್ಟು ಇಳಿಸು. ಒಂದು ಕೆಟ್ಟ ಸುದ್ದಿ ಇದೆ."

ಅವಳು ಗಾಬರಿಯಾಗಿ, "ಮೈ ಹುಷಾರಿಲ್ವಾ ಅತ್ತೆ?" ಎಂದು ಒದ್ದೆ ಕೈಯಲ್ಲೇ ನನ್ನ ಹಣೆ ಮುಟ್ಟಿದಳು. ಆ ಒದ್ದೆ ಕೈ ನನ್ನ ಹಣೆಯ ಮೇಲೆ ಇದ್ದಾಗಲೇ ಎಲ್ಲವನ್ನೂ ಹೇಳಿದೆ.

ಅವಳು ಕೈ ಒರೆಸಿಕೊಂಡು ಒಳಗೆ ಬಂದಳು. ಪಟ್ಟಿ ನೋಡಿದಳು. ಹದಿನೇಳು ಜೋಡಿಗಳನ್ನೂ ಬೆರಳಿಟ್ಟು ನೋಡಿದಳು. ಅವತ್ತೇ ಕಾಲೇಜಿಗೆ ಹೋಗಿ ಚುಕ್ಕೆಯ ಹತ್ತು ದುಂಬಿಗಳನ್ನು ಒದ್ದೆ ಮರಳಿನ ಡಬ್ಬಿಗೆ ಹಾಕಿ ಬಂದಳು. ಸೋಮವಾರ ಸಂಜೆ ಬಾಗಿಲಲ್ಲಿ ನಿಂತು, "ಹತ್ತರಲ್ಲಿ ಎರಡು ಮುರಿದೆ. ಉಳಿದ ಎಂಟೂ ಉದ್ದ ಬಂದ್ವು," ಎಂದವಳೇ ಗೋಡೆಗೊರಗಿ ಕೂತಳು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಆ ದೊಣ್ಣೆ ನಾನಾಗಿದ್ದೆ. ಮಗ ಏನೋ ತಮಾಷೆ ಮಾಡಲು ಬಾಯಿ ತೆರೆದು, ನಮ್ಮಿಬ್ಬರ ಮುಖ ನೋಡಿ, ಸುಮ್ಮನೆ ಚಹಾಕ್ಕೆ ನೀರಿಟ್ಟ.

ಚಹಾ ಮುಗಿದ ಮೇಲೆ ಸೊಸೆ ಹೇಳಿದಳು: "ಇನ್ನೂರ ಎಪ್ಪತ್ತನಾಲ್ಕರಲ್ಲಿ ಹತ್ತು ಆಯ್ತು. ಉಳಿದಿದ್ದೆಲ್ಲಾನೂ ಮತ್ತೆ ತೆಗೀಬೇಕು. ಎರಡನೇ ಸಲ ಮೆದು ಮಾಡಿದ್ರೆ ಇನ್ನೂ ಬೇಗ ಮುರೀತವೆ. ನನ್ನ ಕೈಲಿ ಆಗಲ್ಲ. ನೀವೇ ತೆಗೀಬೇಕು ಅತ್ತೆ."

"ನಾನಾ? ಕೆಡಿಸಿದ್ದೇ ನಾನು ಕಣೇ!"

"ನೀವು ಕೆಡಿಸಿಲ್ಲ. ನಿಲ್ಲಿಸಿದ್ದೀರಿ, ಅಷ್ಟೇ. ಒಂದೂ ಹರಿದಿಲ್ಲ, ಒಂದೂ ಸೀಳಿಲ್ಲ. ಇನ್ಯಾರೇ ಆಗಿದ್ರೂ ಮತ್ತೆ ತೆಗೆಯೋಕೆ ಅಲ್ಲಿ ನಾಲಿಗೇನೇ ಉಳೀತಿರಲಿಲ್ಲ."

ಮರುದಿನ ಅವಳು ನನ್ನ ಕೈ ಮೇಲೆ ತನ್ನ ಕೈಯಿಟ್ಟು ತೋರಿಸಿದಳು. ಚಿಮುಟ ಎಳೆದಾಗ ನಾಲಿಗೆ ಒಂದು ಕಡೆ ಗಟ್ಟಿಯಾಗಿ ನಿಲ್ಲುತ್ತದೆ. ಗಡಿಯಾರದವಳ ಕೈ ಅಲ್ಲೇ ಬಿಡುತ್ತಿತ್ತು. ಅದು ಮಡಿಕೆಯ ತಡೆ. ಅಲ್ಲಿ ಒಂದುಸಿರಿನಷ್ಟು ಹೊತ್ತು ತಾಳಿ, ಚಿಮುಟವನ್ನು ತುಸು ಕೆಳಗೆ ವಾಲಿಸಿದರೆ ಒಳಗೆ ಹೊಕ್ಕಿದ್ದ ತುದಿಯ ತುಂಡು ಜಾರಿ ಬರುತ್ತದೆ. ಆಮೇಲೆ ಸಿಗುವುದು ನಿಜವಾದ ತಡೆ. ಮೂವತ್ತೊಂದು ವರ್ಷದ ರೂಢಿಯನ್ನು ಬೆರಳಿಂದ ಬಿಡಿಸುವುದು ಅಷ್ಟು ಸುಲಭವಾಗಿರಲಿಲ್ಲ. ಮೊದಲ ತಡೆ ಸಿಕ್ಕಾಗಲೆಲ್ಲ ನಮ್ಮವರು ಬೆನ್ನ ಹಿಂದೆ ನಿಂತು ಗದರಿದ ಹಾಗಾಗುತ್ತಿತ್ತು. "ಸ್ವಲ್ಪ ಸುಮ್ಮನಿರಿ," ಎಂದು ಅವರಿಗೆ ಹೇಳುತ್ತಾ ಎಳೆದೆ.

ಇಪ್ಪತ್ತು ದಿನ. ಇನ್ನೂರ ಅರವತ್ತನಾಲ್ಕು ದುಂಬಿ. ಅವಳು ಮುರಿದ ಎರಡರ ಜೊತೆಗೆ ನಾನು ಮುರಿದದ್ದು ಮೂರು. ಡಬ್ಬಿಯಣ್ಣ ದಿನವೂ ಬೆಳಕು ತಿರುಗಿದ ಕಡೆಗೆ ನನ್ನ ಮೇಜನ್ನು ತಳ್ಳುತ್ತಿದ್ದರು. ಕೇಳಿದ್ದಕ್ಕೆ, ಗುಡಿಸಬೇಕಿತ್ತು ಎನ್ನುತ್ತಿದ್ದರು. ಅಷ್ಟು ಗುಡಿಸಿದ ಕೋಣೆಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಹೊಸ ಅಳತೆ ಬಂದಾಗ ಆ ಚೆಂದದ ಫಲಿತಾಂಶ ಕರಗಿಹೋಯಿತು. ನೆತ್ತಿಯ ನಾಲಿಗೆ ಗಿಡ್ಡವಲ್ಲ. ಬುಡದ್ದೂ ನೆತ್ತಿಯದೂ ಹೆಚ್ಚುಕಡಿಮೆ ಒಂದೇ. ಉಳಿದದ್ದು ಬೇರೆ ಮಾತು: ಇಡೀ ಬೆಟ್ಟ ಹತ್ತಿ ಇಳಿದರೂ ಸಿಗದಷ್ಟು ವ್ಯತ್ಯಾಸ ಒಂದೇ ಗೂಡಿನ ಒಡಹುಟ್ಟಿದವರ ನಡುವೆ ಇತ್ತು. ಚಿಕ್ಕ ಮೈಯವು ತಮ್ಮ ಅಳತೆಗೆ ಮೀರಿದ ಉದ್ದ ನಾಲಿಗೆ ಹೊತ್ತಿದ್ದವು.

"ಮೊದಲಿನದು ಹೇಳೋಕೆ ಚೆನ್ನಾಗಿತ್ತು," ಎಂದು ದೊಡ್ಡ ಮೇಡಂ ನಿಟ್ಟುಸಿರು ಬಿಟ್ಟರು. "ತಪ್ಪಿನ ಕಥೆ ಎಲ್ಲಾ ಬರೀಲೇಬೇಕಾ? ಸರಿ ಅಳತೆ ಕೊಟ್ಟರೆ ಸಾಲದಾ?"

"ಬರೀಬೇಕು ಮೇಡಂ. ನಾನು ಬರೀದಿದ್ರೆ ಮುಂದೆ ತೆಗೆಯೋರು ಅಲ್ಲೇ ನಿಲ್ಲಿಸ್ತಾರೆ," ಎಂದಳು ಸೊಸೆ.

ಮೇಡಂ ಅವಳನ್ನು ಒಂದು ಗಳಿಗೆ ನೋಡಿ ಸಹಿ ಹಾಕಿದರು.

ಪರೀಕ್ಷೆಯ ದಿನ ಮನೆಯವರೂ ಬಂದು ಕೂರಬಹುದಿತ್ತು. ಮಗ ರಜೆ ಹಾಕಿ ಬಂದ. ನಾವಿಬ್ಬರೂ ಕೊನೆಯ ಸಾಲಿನಲ್ಲಿ ಡಬ್ಬಿಯಣ್ಣನ ಪಕ್ಕ ಕೂತೆವು. ಹೊರಗಿನ ಪರೀಕ್ಷಕರು ಎತ್ತರದ, ತೆಳ್ಳಗಿನ, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡ ಮನುಷ್ಯ. ಪ್ರಬಂಧವನ್ನು ಮೇಜಿನ ಮೇಲೆ ಸದ್ದಾಗುವಂತೆ ಇಟ್ಟರು.

"ನೆತ್ತಿಯ ದುಂಬಿಗೆ ನಾಲಿಗೆ ಗಿಡ್ಡ ಅಂತ ನಿಮ್ಮ ಮೇಡಂ ಬರೆದ್ರು. ನಾನು ಅದನ್ನ ಎರಡು ಸಭೇಲಿ ಹೇಳಿದೆ. ಚಪ್ಪಾಳೇನೂ ಬಿತ್ತು. ಈಗ ನೋಡಿದರೆ ಇಲ್ಲ ಅಂತೀಯ. ಆ ಚಪ್ಪಾಳೆ ಯಾರಿಗೆ ವಾಪಸ್ ಕೊಡ್ಲಮ್ಮ ನಾನು?"

ಯಾರೋ ನಕ್ಕರು. ಸೊಸೆ ನಗಲಿಲ್ಲ. "ತಪ್ಪಾಗಿತ್ತು ಸರ್. ಹೇಗಾಯ್ತು ಅಂತ ನಾಲ್ಕನೇ ಅಧ್ಯಾಯದಲ್ಲಿ ಬರೆದಿದೀನಿ."

"ಓದಿದೆ. ಒಬ್ಬರ ಕೈ ಅರ್ಧಕ್ಕೆ ನಿಲ್ಲಿಸಿತು. ಸರಿ ಮಾಡಿದ್ದೂ ಅದೇ ಕೈ. ಮೊದಲ ಸಲ ನಂಬಿ ಕೆಟ್ಟ ಕೈಯನ್ನ ಎರಡನೇ ಸಲ ನಾನ್ಯಾಕೆ ನಂಬಲಿ? ಇದಕ್ಕೆ ಉತ್ತರ ಇಲ್ಲದಿದ್ರೆ ನಾನು ಸಹಿ ಹಾಕಲ್ಲ."

ಮಗ ನನ್ನ ಕೈ ಹಿಡಿದುಕೊಂಡ. ಕೈ ನನ್ನದು ಎಂದು ಅವಳು ಬರೆದಿರಲಿಲ್ಲ. ಪ್ರಬಂಧದಲ್ಲಿ ಹಾಗೆ ಬರೆಯುವ ಕ್ರಮವಿಲ್ಲವಂತೆ. ಯಾರೋ ಸಹಾಯಕರು ಎಂದು ಹೇಳಿ ದಾಟಿಬಿಡಲಿ ಎಂದು ಒಳಗೊಳಗೇ ಬೇಡಿಕೊಂಡೆ.

"ನಂಬೋದು ಬೇಡ ಸರ್," ಎಂದಳು ನನ್ನ ಸೊಸೆ. "ನೋಡಿ. ಅದು ನಮ್ಮತ್ತೆಯವರ ಕೈ. ತಪ್ಪನ್ನ ನಾನು ಹಿಡೀಲಿಲ್ಲ, ನಮ್ಮ ಮೇಡಂ ಹಿಡೀಲಿಲ್ಲ, ಅವರೇ ಹಿಡಿದ್ರು. ಅವರು ಬಾಯಿಬಿಡದಿದ್ರೆ ಯಾರಿಗೂ ಗೊತ್ತಾಗ್ತಿರಲಿಲ್ಲ. ಅವರು ಇಲ್ಲೇ ಇದಾರೆ. ಡಬ್ಬಿಯಲ್ಲಿ ಮೆದು ಮಾಡಿಟ್ಟ ದುಂಬಿಗಳಿವೆ, ಯಾವುದು ಬೇಕೋ ನೀವೇ ಆರಿಸಿ."

ಕೋಣೆಯ ಅಷ್ಟೂ ತಲೆಗಳು ಹಿಂದಕ್ಕೆ ತಿರುಗಿದವು. "ಹೋಗಮ್ಮ," ಎಂದ ಮಗ, ಮೆಲ್ಲಗೆ. "ಹಾರಿಸಿಬಿಡಬೇಡ ಮಾತ್ರ."

ಎದ್ದು ಹೋದೆ. ಮೇಜಿನ ಬಳಿ ಪರೀಕ್ಷಕರು ಬೆಳಕಿಗೆ ಅಡ್ಡ ನಿಂತಿದ್ದವರು, ನಾನು ಕೇಳುವ ಮೊದಲೇ ಪಕ್ಕಕ್ಕೆ ಸರಿದರು. ಖಾರದ ಮನುಷ್ಯರಲ್ಲೂ ಇಂಥದ್ದೊಂದು ಇರುತ್ತದೆ. ಅವರು ಆರಿಸಿಕೊಟ್ಟ ದುಂಬಿಯನ್ನು ಹಿಡಿದು, ಚಿಮುಟದಿಂದ ಎಳೆದೆ. ಮೊದಲ ತಡೆ ಸಿಕ್ಕಿತು. ಕೈ ನಿಲ್ಲಿಸಿದೆ.

"ನಾನು ಬಿಡ್ತಿದ್ದದ್ದು ಇಲ್ಲಿ ಸರ್. ಅಳೆದು ನೋಡಿ."

ಅವರು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಅಳೆದರು. "ಆರು ಪಾಯಿಂಟ್ ಐದು."

ಚಿಮುಟ ವಾಲಿಸಿದೆ. ತುದಿ ಜಾರಿ ಬಂತು. ಎರಡನೆಯ ತಡೆ. "ಈಗ ನೋಡಿ."

"ಏಳು ಪಾಯಿಂಟ್ ಒಂದು." ಅವರು ಕನ್ನಡಕ ತೆಗೆದರು. "ಕೊಡಿ ಇಲ್ಲಿ. ನಾನೊಂದು ತೆಗೀತೀನಿ."

ಒಳ್ಳೆಯ ಕೈ ಅವರದು, ನಡುಕವಿಲ್ಲದ ಹಳೆಯ ಕೈ. ದುಂಬಿಯನ್ನು ಸಲೀಸಾಗಿ ಹಿಡಿದು ನಾಲಿಗೆ ಎಳೆದು, "ಹಾಂ, ಬಂತು," ಎಂದು ಚಿಮುಟ ಕೆಳಗಿಡಲು ಹೋದರು.

ನಾನು ನೋಡಿದೆ. ಹೇಳಲೋ ಬೇಡವೋ ಎಂದು ಸೊಸೆಯ ಕಡೆ ನೋಡಿದರೆ ಅವಳು ಹುಬ್ಬು ಹಾರಿಸಿದಳು. "ಸರ್, ಬೇಜಾರು ಮಾಡ್ಕೋಬೇಡಿ. ಇನ್ನೂ ಸ್ವಲ್ಪ ಒಳಗಿದೆ."

"ಪೂರ್ತಿ ಬಂದಿದೆಯಲ್ಲಮ್ಮ."

"ಬಂದ ಹಾಗೆ ಕಾಣುತ್ತೆ. ನನಗೂ ಇನ್ನೂರ ಎಪ್ಪತ್ತನಾಲ್ಕು ಸಲ ಹಾಗೇ ಕಂಡಿತ್ತು."

ದೊಡ್ಡ ಮೇಡಂ ಕರ್ಚೀಫಿನಿಂದ ಬಾಯಿ ಮುಚ್ಚಿಕೊಂಡರು. ಪರೀಕ್ಷಕರು ಮತ್ತೆ ಚಿಮುಟ ಹಿಡಿದು, ಒಂದುಸಿರು ತಾಳಿ, ತುಸು ವಾಲಿಸಿದರು. ತುದಿ ಜಾರಿ ಹೊರಬಂದದ್ದು ಅವರ ಬೆರಳಿಗೆ ತಿಳಿಯಿತು, ಮುಖದಲ್ಲಿ ಕಂಡಿತು. ಚಿಮುಟವನ್ನು ಮೆಲ್ಲನೆ ಕೆಳಗಿಟ್ಟರು. ಆಮೇಲೆ ಇಡೀ ಕೋಣೆಗೆ ಕೇಳುವಂತೆ ಹೇಳಿದರು: "ಪ್ರಾಯದಲ್ಲಿ ನಾನು ಒಂದು ಸಾವಿರ ದುಂಬಿ ತೆಗೆದಿದೀನಿ. ನಾನೇ, ಈ ಕೈಯಲ್ಲೇ. ಅದರಲ್ಲಿ ಎಷ್ಟನ್ನ ಹೀಗೆ ಬಿಟ್ಟೆನೋ, ಈಗ ಹೇಳೋಕಾಗಲ್ಲ."

ಅಷ್ಟು ಜನರ ಮುಂದೆ ಅಷ್ಟು ದೊಡ್ಡವರು ಹೀಗೆ ಹೇಳಬೇಕಾಗಿರಲಿಲ್ಲ. ಸೊಸೆ ತಲೆ ಎತ್ತಿ ನಿಂತು ತನ್ನ ತಪ್ಪನ್ನು ಒಪ್ಪಿಕೊಂಡದ್ದೇ ಅವರಿಗೂ ದಾರಿ ಮಾಡಿಕೊಟ್ಟಿತು ಎಂದು ನನಗೆ ಅನ್ನಿಸಿತು. ಮೂವತ್ತೊಂದು ವರ್ಷ ನಾನು ನಿಂತ ಗಡಿಯಾರಗಳನ್ನು ನಡೆಸಿದ್ದೇನೆ. ಯಾವ ದಿನವೂ ನನ್ನ ಎದೆ ಆವತ್ತಿನಷ್ಟು ಉಬ್ಬಿರಲಿಲ್ಲ.

ಇನ್ನೂ ಒಂದು ಗಂಟೆ ಪ್ರಶ್ನೆಗಳು ನಡೆದವು. ಅವಳು ಒಂದಕ್ಕೂ ತಡವರಿಸಲಿಲ್ಲ. ಪರೀಕ್ಷಕರು ಸಹಿ ಹಾಕಿದರು. ಒಂದೇ ತಿದ್ದುಪಡಿ ಹೇಳಿದರು: ಎರಡು ತಡೆಗಳ ಚಿತ್ರ ಬರೆದು ಸೇರಿಸಬೇಕು, ಕಂಡುಹಿಡಿದವರು ಯಾರೆಂದು ಅದರ ಕೆಳಗೆ ಇರಬೇಕು. "ಕ್ರಮ ಇಲ್ಲ ಅಂದ್ರೆ ನಾನು ಹೇಳಿದೆ ಅಂತ ಹೇಳಿ," ಎಂದರು.

ಆಮೇಲೆ ನನ್ನ ಕಡೆ ತಿರುಗಿ, "ಅಮ್ಮ, ನನ್ನ ಹಳೇ ಡಬ್ಬಿಗಳನ್ನ ಕಳಿಸಿಕೊಟ್ಟರೆ ತೆಗೆದುಕೊಡ್ತೀರಾ?" ಎಂದರು.

ನಾನು ಬಾಯಿ ತೆರೆಯುವುದರೊಳಗೆ ಸೊಸೆ ನಡುವೆ ಬಂದಳು. "ಅತ್ತೆಗೆ ಪುರುಸೊತ್ತಿಲ್ಲ ಸರ್. ಇನ್ನೂ ಎರಡು ಗೂಡು ತರ್ತಿದೀನಿ. ಬೇಕಾದ್ರೆ ನೀವೇ ಕಲಿತುಕೊಂಡು ಹೋಗಿ, ಕಲಿಸಿಕೊಡ್ತಾರೆ."

"ನೋಡಿದ್ರಾ," ಎಂದ ಮಗ ಡಬ್ಬಿಯಣ್ಣನ ಕಿವಿಯಲ್ಲಿ, "ನಮ್ಮನೇಲಿ ಯಾರ ನಾಲಿಗೆ ಉದ್ದ ಅಂತ ಇನ್ನೂ ಯಾರೂ ಅಳೆದಿಲ್ಲ."

ಪರೀಕ್ಷಕರು ಜೋರಾಗಿ ನಕ್ಕು, ಕೋಟು ಬಿಚ್ಚಿ ಕುರ್ಚಿಗೆ ಹಾಕಿದರು. ಮೂರು ಗಂಟೆಯ ರೈಲು ಅವರನ್ನು ಬಿಟ್ಟು ಹೋಯಿತು. ಕೀಟಕೋಣೆಯ ಕಿಟಕಿಯ ಪಕ್ಕ ಕೂತು ಅವರು ನಾಲ್ಕು ದುಂಬಿ ತೆಗೆದರು. ಒಂದು ಮುರಿಯಿತು, ಒಂದು ಅರ್ಧಕ್ಕೆ ನಿಂತಿತು. ಮೂರನೆಯದಕ್ಕೆ ಕೈ ಕುದುರಿತು, ನಾಲ್ಕನೆಯದರ ನಾಲಿಗೆಯೂ ಪೂರ್ತಿ ಬಂತು.